ಹೊರಗಿನ ಚಿಲಕ

"ಅಯ್ಯೋ, ಇಳೀರಿ! ಮೊದ್ಲು ಇಳೀರಿ ಅಲ್ಲಿಂದ!"

ಆ ಕೂಗಿಗೆ ಅವಳು ಸ್ಟೂಲಿನ ಮೇಲೇ ತತ್ತರಿಸಿದಳು. ಕಿಟಕಿ ಒರೆಸುತ್ತಿದ್ದ ಬಟ್ಟೆ ಕೆಳಗೆ ಬಿತ್ತು. ಅವಳೂ ಬೀಳುತ್ತಿದ್ದಳು... ಬಾಗಿಲಲ್ಲಿದ್ದವನು ಓಡಿಬಂದು ತೋಳು ಹಿಡಿಯದಿದ್ದರೆ!

"ನೀವು ಕೂಗದೇ ಇದ್ದಿದ್ರೆ ನಾನ್ಯಾಕೆ ಬೀಳ್ತಿದ್ದೆ?" ಅವಳು ಕೆಂಡವಾದಳು.

"ಅದೂ ಸರಿ." ಆತ ತಲೆ ಕೆರೆದುಕೊಂಡ. "ನಾನು ಬಡಗಿ. ಬಚ್ಚಲಿಗೆ ಹಿಡಿಕೆ ಹಾಕೋಕೆ ಬಂದೆ. ಕಾಲಿಟ್ಟ ತಕ್ಷಣ ಬೈಗುಳ!"

ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು.

ಅವಳಿಗೆ ನಲವತ್ತೊಂದು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅವಳ ಕತ್ತರಿಗೆ ಸಾಟಿಯಿರಲಿಲ್ಲ. ಐದು ತಿಂಗಳ ಹಿಂದೆ ಒದ್ದೆ ನೆಲದಲ್ಲಿ ಜಾರಿ ಕೈಯೂರಿದ್ದೇ ತಡ, ಮಣಿಕಟ್ಟು ಮುರಿಯಿತು. "ಅಂಡಾಶಯ ಬೇಗ ತೆಗೆಸಿದ್ದಕ್ಕೆ ಮೂಳೆ ಟೊಳ್ಳಾಗಿದೆ. ವಾರಕ್ಕೊಂದು ಮಾತ್ರೆ ತಗೊಳ್ಳಿ. ಬಿಸಿಲು ಬೇಕು, ನಡಿಗೆ ಬೇಕು" ಎಂದಿದ್ದರು ಡಾಕ್ಟರು.

ಅಣ್ಣನ ಕಿವಿಗೆ ಬಿದ್ದದ್ದು 'ಟೊಳ್ಳು' ಎಂಬುದೊಂದೇ! ಅಮ್ಮ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡು ತೀರಿಹೋದಾಗಿನಿಂದ ಅವನಿಗೆ ಮೆಟ್ಟಿಲು ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಹಾಗಾಗಿ ತಂಗಿಗೆ ಮಹಡಿಯ ಕೋಣೆಯೇ ಲೋಕವಾಯಿತು. ಊಟ ಮೇಲಕ್ಕೇ ಬರುತ್ತಿತ್ತು. ಅಂಗಡಿಯಮ್ಮ ಈ ತಿಂಗಳ ಕೊನೆಯವರೆಗೆ ಮಾತ್ರ ಅವಳ ಜಾಗ ಖಾಲಿ ಇಟ್ಟಿರುತ್ತೇನೆ ಎಂದಿದ್ದಳು.

ಬಡಗಿ ಮೂರು ದಿನ ಬಂದ. ಒಂದು ದಿನದ ಕೆಲಸಕ್ಕೆ ಮೂರು ದಿನ ಯಾಕೆಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಹೆಂಡತಿ ತೀರಿ ಆರು ವರ್ಷವಾಯಿತೆಂದ, ಟೀ ಕುಡಿಯುವಾಗ ಮಾತಾಡುವವರಿಲ್ಲವೆಂದ. ಮದುವೆಯ ಮಾತನ್ನು ಎಂದೋ ಮರೆತಿದ್ದ ಅವಳು ಮೂರನೆಯ ದಿನ ಎರಡು ಸಲ ತಲೆ ಬಾಚಿಕೊಂಡಳು!

ನಾಲ್ಕನೆಯ ದಿನ ಕೆಳಗಿಳಿಯೋಣವೆಂದು ಮೆಟ್ಟಿಲ ಬಾಗಿಲು ತಳ್ಳಿದರೆ... ತೆರೆಯಲಿಲ್ಲ.

"ಅಣ್ಣಾ! ಇದೇನು?"

"ಹೊರಗಡೆ ಚಿಲಕ ಹಾಕಿಸಿದೀನಿ ಕಣಮ್ಮ. ನಿನ್ನ ಒಳ್ಳೇದಕ್ಕೇ."

"ಯಾರು ಹಾಕಿದ್ದು?"

"ಅದೇ ಬಡಗಿ. ನಿನ್ನೆ ಸಾಯಂಕಾಲ."

ಎದುರು ಕೂತು ನಗಿಸಿ, ಹೋಗುವಾಗ ಕೂಡಿಹಾಕಿ ಹೋದನೇ! ಅವಳಿಗೆ ಅಳು ಉಕ್ಕಿತು. ಆಮೇಲಿನ ಎಂಟು ದಿನ ಮಂಚದಿಂದ ಕಿಟಕಿಗೆ ಒಂಬತ್ತು ಹೆಜ್ಜೆ, ಕಿಟಕಿಯಿಂದ ಮಂಚಕ್ಕೆ ಒಂಬತ್ತು. ಬೆನ್ನು ಹಿಡಿದುಕೊಂಡಿತು, ಊಟ ಸೇರಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಬಾಗಿಲ ಆಚೆ ಅದೇ ದನಿ.

"ನಾನು, ಬಡಗಿ. ಮಟ್ಟ ನೋಡೋ ರಸಮಟ್ಟ ಇಲ್ಲೇ ಮರೆತು ಹೋಗಿದ್ದೆ. ಬಾಗಿಲು ತೆಗೀತೀನಿ, ಮಗು ಹುಷಾರು!"

"ಯಾವ ಮಗು?"

"ನಿಮ್ಮಣ್ಣ ಹೇಳಿದ್ರಲ್ಲ... ಮನೇಲಿ ಮಗು ಇದೆ, ಮೆಟ್ಟಿಲಿಂದ ಉರುಳಿಬಿಡತ್ತೆ, ಅದಕ್ಕೇ ಹೊರಗೆ ಚಿಲಕ ಹಾಕು ಅಂತ."

"ಆ ಮಗು ನಾನೇ."

ಚಿಲಕ ಸರಿಯಿತು. ಬಾಗಿಲು ತೆರೆದರೆ ಅವನ ಮುಖ ಬಿಳಿಚಿಕೊಂಡಿತ್ತು. "ನನ್ನ ಕೈಯಾರೆ..." ಎಂದವನೇ ಸ್ಕ್ರೂಡ್ರೈವರ್ ತೆಗೆದು ಚಿಲಕವನ್ನೇ ಬಿಚ್ಚತೊಡಗಿದ.

ಸದ್ದು ಕೇಳಿ ಅಣ್ಣ ಮೇಲೆ ಓಡಿಬಂದ. "ಏನ್ರೀ ಇದು! ಅವಳು ಬಿದ್ರೆ ನೀವು ನೋಡ್ಕೋತೀರಾ? ಅಮ್ಮನ ಹಾಗೆ ಇವಳನ್ನೂ ಕಳ್ಕೊಳ್ಳಲಾ?"

"ಅಣ್ಣ," ಅವಳು ಮೆಲ್ಲಗೆ ಹೇಳಿದಳು, "ಅಮ್ಮ ಬಿದ್ದ ಮೇಲೂ ಒಂದೂವರೆ ವರ್ಷ ಇದ್ಲು. ನಡೆಸಿ ಅಂದಿದ್ರು ಡಾಕ್ಟರು. ಹೆದರಿ ನಾವು ಏಳೋಕೇ ಬಿಡ್ಲಿಲ್ಲ. ಕೂತಷ್ಟೂ ಮೂಳೆ ಸವೆಯತ್ತಂತೆ. ನನ್ನನ್ನೂ ಹಾಗೇ ಮಾಡ್ಬೇಡ."

ಅಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳು ಅವನ ತಲೆ ಸವರಿದಳು. ಅವನು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳು ಕಂಬಿ ಹಿಡಿದು ಕೆಳಗೆ ಕಾಲಿಟ್ಟಳು. ಬಡಗಿ ಎರಡು ಮೆಟ್ಟಿಲು ಮುಂದೆ, ಅವಳತ್ತಲೇ ತಿರುಗಿ ಇಳಿಯುತ್ತಿದ್ದ.

"ಕೈ ಹಿಡ್ಕೊಳ್ಳಲಾ?"

"ಬೇಡ. ನಾನೇ ಇಳೀಬೇಕು."

"ಒಂದು ನಿಜ ಹೇಳ್ಲಾ? ರಸಮಟ್ಟ ಬೇಕಂತಲೇ ಬಿಟ್ಟು ಹೋಗಿದ್ದೆ. ಬಂದು ಕೇಳೋಕೆ ಎಂಟು ದಿನ ಧೈರ್ಯ ಬರ್ಲಿಲ್ಲ."

ಅವಳು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಹದಿನೆಂಟು ಮೆಟ್ಟಿಲು ಮುಗಿದವು. ಬೀದಿಯ ಬಿಸಿಲು ಮುಖಕ್ಕೆ ಬಿತ್ತು. ಆಗ ತಾನಾಗಿಯೇ ಕೈ ಚಾಚಿದಳು. "ಈಗ ಹಿಡೀರಿ."

ಅವನು ಕೈ ಹಿಡಿದ. "ನನ್ನನ್ನ ಮದ್ವೆ ಆಗ್ತೀರಾ?"

"ಮೂಳೆ ಮತ್ತೆ ಮುರೀಬಹುದು. ನಿಮಗೆ ಹೆದರಿಕೆ ಆಗಲ್ವಾ?"

"ಆಗತ್ತೆ. ಆದ್ರೂ ಬಾಗಿಲು ಹಾಕಲ್ಲ."

ಅವಳ ಕಣ್ಣು ತುಂಬಿತು. "ನಡೀರಿ, ನಾಳೆಯಿಂದ ಬರ್ತೀನಿ ಅಂತ ಅಂಗಡಿಯಮ್ಮನಿಗೆ ಹೇಳ್ಬೇಕು."

"ನನಗೇನೂ ಹೇಳಲ್ವಾ?"

"ಹೂಂ ಅಂತ ಹೇಳ್ತೀನಿ... ದಾರಿ ಮುಗಿಯೋದ್ರೊಳಗೆ. ನೀವು ಸ್ವಲ್ಪ ನಿಧಾನಕ್ಕೆ ನಡೀರಿ!"