ಹಳೇ ಕಾರಿನ ತಣ್ಣನೆ ಗಾಳಿ

2025ರ ಏಪ್ರಿಲ್ 16, ಬುಧವಾರ ಬೆಳಿಗ್ಗೆ 11.20ಕ್ಕೆ ನುಜ್ಹತ್ ಎಂಬಾಕೆ ಮದ್ದೂರು ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಸೋಮನಹಳ್ಳಿಯ ತಮ್ಮ ಗ್ಯಾರೇಜಿನಲ್ಲಿ ಹಳೇ ಕಾರೊಂದರ ಎ.ಸಿ. ರಿಪೇರಿ ಮಾಡುವಾಗ ಬೆಂಕಿ ಹೊತ್ತಿಕೊಂಡು, ಗಂಡ ರಿಯಾಜ್‌ನ ಎರಡೂ ಕೈ ಸುಟ್ಟಿದ್ದವು.

"ಎ.ಸಿ. ಗ್ಯಾಸು ಹಂಗೆ ಉರಿಯಲ್ಲ ಮೇಡಂ. ಅದ್ರಲ್ಲಿ ಯಾರೋ ಬೇರೆ ಏನೋ ತುಂಬವ್ರೆ."

ಪಿಎಸ್‌ಐ ಅಮೃತ ಎಫ್‌ಐಆರ್ ದಾಖಲಿಸಿದರು. ಹೆಡ್ ಕಾನ್ಸ್‌ಟೇಬಲ್ ಕೆಂಪಸಿದ್ದಯ್ಯ ಸ್ಥಳದಲ್ಲಿ ಪಂಚನಾಮೆ ಬರೆದ. 1993ರ ಕಾರು, ಮುಂಭಾಗವೆಲ್ಲ ಕರಕಲು.

ಮಂಡ್ಯದ ಆಸ್ಪತ್ರೆಯಲ್ಲಿ ರಿಯಾಜ್ ಹೇಳಿಕೆ ಕೊಟ್ಟ.

"ಎ.ಸಿ. ತಣ್ಣಗಾಯ್ತಿಲ್ಲ ಅಂತ ಮೇಷ್ಟ್ರೊಬ್ರು ಕಾರು ತಂದಿದ್ರು. ಯಾವ ಗ್ಯಾಸು ಅಂತ ಕೇಳ್ದೆ. ನೂರಮೂವತ್ನಾಕು ಅಂದ್ರು ಮೇಷ್ಟ್ರು. ಅದು ಈಗಿನ ಕಾರಿಗೆ ಹಾಕೋ ಗ್ಯಾಸು, ಉರಿಯಲ್ಲ, ಭಯ ಇಲ್ಲ ಅಂತ ಪೈಪ್ ಬಿಚ್ಬುಟ್ಟೆ. ಪಕ್ಕದಲ್ಲೇ ವೆಲ್ಡಿಂಗ್ ನಡೀತಿತ್ತು."

"ಗ್ಯಾಸ್ ವಾಸನೆ ಬರಲಿಲ್ವಾ?"

"ಬಂತು. ಪಕ್ಕದ ಓಟ್ಲಿಂದು ಅನ್ಕಂಡೆ." ಬ್ಯಾಂಡೇಜು ಸುತ್ತಿದ ಕೈಗಳನ್ನು ನೋಡಿಕೊಂಡ. "ಮತ್ತೆ ಸ್ಪ್ಯಾನರ್ ಹಿಡೀತೀನಾ ಮೇಡಂ?"



ಕಾರು ಮಳವಳ್ಳಿಯ ನಿವೃತ್ತ ಮೇಷ್ಟ್ರು ಚಲುವರಾಜು ಅವರದು. ಗ್ಯಾಸ್ ತುಂಬಿಸಿದ್ದು ಮಂಡ್ಯದ ಮೆಕ್ಯಾನಿಕ್ ದೇವರಾಜು ಹತ್ತಿರ ಎಂದರು ಅವರು. ದೇವರಾಜು ಅಲ್ಲಗಳೆದ.

"ಆ ಕಾರಿನ ಗ್ಯಾಸು ಈಗ ಸಿಗಲ್ಲ. ಈಗಿನ ಗ್ಯಾಸ್ ಹಾಕ್ಬೇಕಂದ್ರೆ ಆಯಿಲ್ಲು, ಪೈಪು ಎಲ್ಲಾ ಬದ್ಲಾಯಿಸ್ಬೇಕು, ಅದಕ್ಕೊಪ್ಪೋ ಸಾಮಾನೇ ಸಿಕ್ತಿಲ್ಲ ಅಂದೆ. ಅಡಿಗೆ ಗ್ಯಾಸಲ್ಲೂ ತಣ್ಣಗಾಯ್ತದಂತಲ್ಲ ಅಂದ್ರು ಮೇಷ್ಟ್ರು. ಆಗೋದೇನೋ ಆಯ್ತದೆ, ಸುಟ್ಟೋಯ್ತೀರ ಅಂತ ಬೈದು ಕಳಿಸ್ದೆ."

17ರ ಸಂಜೆ 4ಕ್ಕೆ ಮಳವಳ್ಳಿಯ ಮನೆ ಶೋಧಿಸಿದಾಗ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಅಡಿಗೆ ಗ್ಯಾಸಿನ ಪುಟ್ಟ ಸಿಲಿಂಡರು, ಅದಕ್ಕೆ ಬಿಗಿದಿದ್ದ ಪೈಪು ಸಿಕ್ಕವು.

"ನೀವೇ ತುಂಬಿದ್ದಾ ಮೇಷ್ಟ್ರೇ?" ಎಂದರು ಅಮೃತ.

"ಊಂ."

"ರಿಯಾಜ್‌ಗೆ ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಮುಟ್ಟಲ್ಲ ಅಂದ್ಬುಡ್ತಾನೆ ಅನ್ನಿಸ್ತು."

"ಎ.ಸಿ. ಇಲ್ದೇನೇ ಓಡಿಸ್ಬಹುದಿತ್ತಲ್ಲ?"



"ಕಿಟಕಿ ಮುಚ್ಬೇಕಿತ್ತು ಕಣಮ್ಮ. ತೆಗುದ್ರೆ ಅವಳ ಮಾತು ಕೇಳ್ಸಲ್ಲ."

ನಾಲ್ಕು ವರ್ಷದ ಹಿಂದೆ ಹೆಂಡತಿ ಮಂಚಮ್ಮ ತೀರಿಕೊಂಡಿದ್ದರು. ಅದಕ್ಕೂ ಎಷ್ಟೋ ವರ್ಷ ಮೊದಲು ಮೇಷ್ಟ್ರು ಶಾಲೆ ಮಕ್ಕಳಿಗೆ ಕೇಳಿಸಲೆಂದು ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಕೂಗನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ವಾಪಸು ಬರುವಾಗ ರೆಕಾರ್ಡರು ಆರಿಸುವುದು ಮರೆತು, ಜೊತೆಗೆ ಬಂದಿದ್ದ ಆಕೆ ದಾರಿಯುದ್ದಕ್ಕೂ ಆಡಿದ ಮಾತು ಅದರಲ್ಲಿ ಉಳಿದಿತ್ತು. ಪ್ರತಿ ಭಾನುವಾರ ಅದನ್ನು ಹಾಕಿಕೊಂಡು ಅದೇ ದಾರಿಯಲ್ಲಿ ಹೋಗಿ ಬರುತ್ತಿದ್ದರು.

"ಮನೇಲೇ ಕೇಳ್ಬಹುದಿತ್ತಲ್ಲ?"

"ಮನೇಲಿ ಅದು ಬರೀ ಟೇಪು. ಕಾರಲ್ಲಿ ಪಕ್ಕದಲ್ಲೇ ಕೂತಂಗಾಯ್ತದೆ."

"ಕ್ಯಾಸೆಟ್ ಎಲ್ಲಿ?"

"ಕಾರಲ್ಲೇ ಇತ್ತು."

ಕೆಂಪಸಿದ್ದಯ್ಯ ಬರೆಯುವುದನ್ನು ನಿಲ್ಲಿಸಿದ.

ಸಂಜೆ 5.40ಕ್ಕೆ, ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ಗಾಯಕ್ಕೆ ಕಾರಣರಾದ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಜೀಪು ಹತ್ತುವ ಮೊದಲು ಚಲುವರಾಜು, "ಆ ರಿಯಾಜ್ ಕೈ ವಾಸಿಯಾಯ್ತದಾ?" ಎಂದು ಕೇಳಿದರು.

"ಗೊತ್ತಿಲ್ಲ ಮೇಷ್ಟ್ರೇ."

ಜೀಪು ಹೊರಟಿತು. ಮದ್ದೂರು ಹತ್ತಿರವಾದಾಗ ಅಮೃತ ತಿರುಗಿ, "ಏನು ಮಾತಾಡ್ತಿದ್ರು ಅವರು, ಆ ಕ್ಯಾಸೆಟ್ಟಲ್ಲಿ?" ಎಂದರು.

"ಏನಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ಕೊತ್ತಂಬ್ರಿ ಸೊಪ್ಪು ತಗೋಬೇಕು, ಎಲ್ಲಾದ್ರೂ ನಿಲ್ಸಿ ಅಂತಾಳೆ. ನಾನು ನಿಲ್ಸಲ್ಲ."