ಲ್ಯಾಬಿಗೆ ಹೋಗಬೇಕಾದ ಕನ್ನಡಿ ಪೆಟ್ಟಿಗೆ

ಪೆಟ್ಟಿಗೆಯ ಮೇಲಿದ್ದ ಬಟ್ಟೆ ಸರಿಸಿದ ನರ್ಮದಾ ಮೊದಲು ನಕ್ಕಳು, ಆಮೇಲೆ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಕನ್ನಡಿಯ ಸುತ್ತ ಕೆತ್ತಿದ ಮಲ್ಲಿಗೆ ಬಳ್ಳಿ. ನಾಲ್ಕು ಮೂಲೆಗೂ ಗಿಳಿ. ಕುಂಕುಮದ ಭರಣಿ ಇಡಲು ಪುಟ್ಟ ಗೂಡು ಬೇರೆ.

"ಎಂತದು ಇದು?"

"ನೀವೇ ಧಾರವಾಡದಿಂದ ಚಿತ್ರ ಬರೆದು ಕಳಿಸಿದ್ದಲ್ದಾ?" ಎಂದ ಮಾಬ್ಲೇಶ್ವರ, ಉಳಿಯನ್ನು ಪಂಚೆಗೆ ಒರೆಸುತ್ತ. "ಕನ್ನಡಿ, ಅಡ್ಡಹಲಗೆ, ಪೆಟ್ಟಿಗೆ, ಅಳತೆ ಸಮೇತ. ಮದುವೆಗೆ ಅಂದ್ಕೊಂಡೆ."

"ಯಾರ ಮದುವೆ?"

ಅವನು ಉಳಿಯನ್ನು ಇನ್ನೊಮ್ಮೆ ಒರೆಸಿದ.

ಹೊನ್ನಾವರದ ಬಂದರಿನ ಬಳಿ ನರ್ಮದಾಳ ಅಪ್ಪ ಬೊಮ್ಮಯ್ಯ ಆಚಾರಿಯ ಮನೆ, ಅಂಗಳದಲ್ಲೇ ಮರಗೆಲಸದ ಶೆಡ್ಡು. ಅಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುವವನು ಮಾಬ್ಲೇಶ್ವರ. ಅವರ ಕೇರಿಯಲ್ಲಿ ಮದುವೆಯಾಗಿ ಹೋಗುವ ಹೆಣ್ಣಿನ ಜೊತೆ ಕನ್ನಡಿ ಪೆಟ್ಟಿಗೆ ಕಳಿಸುವುದು ರೂಢಿ. ಅಂಥವನ್ನು ಎಷ್ಟೋ ಮಾಡಿದ್ದ. ಇದಕ್ಕೆ ಮಾತ್ರ ಮಾವಿನಕುರ್ವೆ ಊರಿನವರ ದೋಣಿ ಕೆಲಸವನ್ನೂ ಕಾಯಿಸಿ ಇಪ್ಪತ್ತು ದಿನ ಹಿಡಿದಿದ್ದ. ಆ ಇಪ್ಪತ್ತು ದಿನ ಅವನು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ.

"ಮದುವೆಗಲ್ಲ ಮಾರಾಯ, ಲ್ಯಾಬಿಗೆ!"

ಅವಳು ಧಾರವಾಡದ ಯುನಿವರ್ಸಿಟಿಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು; ಈಗ ರಜೆಗೆ ಬಂದಿದ್ದಳು. ಹೊಸ ವಿಭಾಗ. ಬೆಳಕಿನ ಪ್ರಯೋಗಕ್ಕೊಂದು ಕತ್ತಲೆ ಕೋಣೆ, ಹೊರಗಿನ ಸದ್ದು ಕೇಳದ ಇನ್ನೊಂದು ಕೋಣೆ, ಗಾಜಿನ ಕಪಾಟು. ಕಪಾಟಿನೊಳಗೆ ಕನ್ನಡಿ ನೋಡಿ ಗೆರೆ ಎಳೆಸುವ, ವಿದೇಶದಿಂದ ಬಂದ ಉಪಕರಣ ಒಂದೇ ಒಂದು. ಊರಿನಲ್ಲೇ ಮಾಡಿದ್ದು ಸರಿಬಂದರೆ ಇನ್ನೂ ಏಳು ಬೇಕು ಎಂದಿದ್ದರು ಪ್ರೊಫೆಸರು.

"ಹಾಂಗಾರೆ ಈ ಗಿಳಿ ತೆಗೀತೆ," ಎಂದು ಮಾಬ್ಲೇಶ್ವರ ಉಳಿ ಎತ್ತಿದ. ಅವನ ಮುಖ ಎಷ್ಟೋ ದಿನದ ಮೇಲೆ ಹಗುರಾಗಿತ್ತು.

ನರ್ಮದಾ ಗಿಳಿಯ ಮೇಲೆ ಕೈ ಅಡ್ಡ ಇಟ್ಟಳು. "ಇದು ಇರ್ಲಿ. ಹೊಸತು ಮಾಡು. ಮತ್ತೆ ಎಂತಕ್ಕೆ 'ನೀವು, ನೀವು' ಅಂತಿ?"

"ಎಂ.ಎ. ಅಲ್ದಾ ನೀವು?"

ಎರಡೇ ದಿನದಲ್ಲಿ ಹೊಸ ಪೆಟ್ಟಿಗೆ ತಯಾರಾಯಿತು. ಹೂವಿಲ್ಲ, ಗಿಳಿಯಿಲ್ಲ. ಪರೀಕ್ಷೆಗೆ ಅವನನ್ನೇ ಮನೆಯೊಳಗೆ ಕೂರಿಸಿದಳು. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರ. ಕೈ ಅಡ್ಡಹಲಗೆಯ ಮರೆಯಲ್ಲಿ. ಕನ್ನಡಿಯನ್ನಷ್ಟೇ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು; ಗೆರೆ ದಾಟಿದರೆ ತಪ್ಪು. ಹತ್ತು ಸರ್ತಿ. ಅವಳು ಸ್ಟಾಪ್‌ವಾಚ್ ಹಿಡಿದು ಅವನ ಬೆನ್ನ ಹಿಂದೆ ನಿಂತಳು.

ಮೊದಲ ಸರ್ತಿ ಇಪ್ಪತ್ತೊಂದು ತಪ್ಪು. ಎರಡನೆಯದರಲ್ಲಿ ಹದಿನಾಲ್ಕು. ಮೂರನೆಯದರಲ್ಲಿ ಇಪ್ಪತ್ಮೂರು. ಹತ್ತನೆಯದರಲ್ಲಿ ನಲವತ್ತು.

"ಎಲ್ಲರಿಗೂ ಮಾಡ್ತಾ ಮಾಡ್ತಾ ತಪ್ಪು ಕಡಿಮೆ ಆಗ್ತದೆ," ಎಂದಳು ನರ್ಮದಾ. "ನಿಂಗೆ ಎರಡನೆಯದರ ಮೇಲೆ ಹೆಚ್ಚಾಗ್ತಾ ಹೋಗಿದೆ. ಪೆಟ್ಟಿಗೆಯಲ್ಲೇ ಎಂತೋ ದೋಷ ಉಂಟು."

"ಪೆಟ್ಟಿಗೆ ಸರಿ ಉಂಟು!"

"ಮತ್ತೆ ಎಂತಾತು? ಪೆಟ್ಟಿಗೆ ಸರಿ ಇಲ್ಲ ಅಂತ ಬರೆದ್ರೆ ಆರ್ಡರ್ ಹೋಯ್ತು." ಅವಳು ಪೆನ್ನು ತೆಗೆದಳು. "ಪ್ರಯೋಗ ಮುಗಿದ ಮೇಲೆ ಕೂತವರು ಮನಸ್ಸಿನಲ್ಲಿ ಎಂತ ನಡೀತು ಅಂತ ಹೇಳ್ಬೇಕು. ಹೇಳಿದ ಹಾಂಗೇ ಬರೀತೆ. ಒಂದು ಅಕ್ಷರ ಬದಲಾಯಿಸೂಕಿಲ್ಲ."

ಮಾಬ್ಲೇಶ್ವರ ಪೆಟ್ಟಿಗೆಯ ಅಂಚು ಸವರಿದ. ಸುಮ್ಮನಿದ್ದರೆ ತನ್ನ ಕೈಕೆಲಸಕ್ಕೆ ಕೆಟ್ಟ ಹೆಸರು. ಬಾಯಿ ಬಿಟ್ಟರೆ ಈ ಮನೆಯ ಅನ್ನದ ಋಣವೇ ಮುಗಿಯಬಹುದು.

"ಬರೀರಿ. ಕನ್ನಡಿ ಸರಿ ಕೂತಿದೆ. ಅಡ್ಡಹಲಗೆ ಸರಿ ಇದೆ. ಮೂರನೇ ಸರ್ತಿಯಿಂದ ನಾ ನಕ್ಷತ್ರ ನೋಡ್ಲಿಲ್ಲ."

ಪೆನ್ನು ನಿಂತಿತು. "ಮತ್ತೆ ಎಂತ ನೋಡಿದ್ದು?"

"ಹಿಂದೆ ನಿಂತವರನ್ನ."

ಅವಳು ತಲೆ ಎತ್ತದೆ ಬರೆದಳು. ಕಿವಿಯ ತುದಿ ಮಾತ್ರ ಕೆಂಪಾಯಿತು. "ಮುಂದೆ?"

"ಇಷ್ಟು ವರ್ಷ ತಿರುಗಿ ನೋಡೂಕೆ ಧೈರ್ಯ ಇರ್ಲಿಲ್ಲ. ಕನ್ನಡಿಯಲ್ಲಾದ್ರೆ ತಿರುಗೂದೇ ಬೇಡ. ಅವರು ಎಂ.ಎ., ನಂದು ಏಳನೇ ಇಯತ್ತೆ. ಅದಕ್ಕೆ ಹೇಳ್ಲಿಲ್ಲ. ಇಷ್ಟೇ."

ಪೂರ್ತಿ ಬರೆದು ಮುಗಿಸಿದಳು. ಆಗ ಅವನಿಗೆ ದಿಗಿಲಾಯಿತು.

"ಇದನ್ನ ಪ್ರೊಫೆಸರ್ರು ಓದ್ತಾರಾ?"

"ಓದ್ತಾರೆ."

"ಅಯ್ಯೋ, ಹರಿದು ಹಾಕೇ ನರ್ಮದಾ!"

'ನೀವು' ಹೋಗಿದ್ದಕ್ಕೆ ಅವಳಿಗೆ ನಗು ಬಂತು. "ಹರಿಯೂಕಾಗೂದಿಲ್ಲ. ಪ್ರಯೋಗ ಮಾಡಿದವರ ಟಿಪ್ಪಣಿ ಅಂತ ಕೆಳಗೆ ಜಾಗ ಉಂಟು, ತಾಳು." ಎರಡು ಸಾಲು ಬರೆದು ಕಾಗದವನ್ನು ಅವನತ್ತ ತಿರುಗಿಸಿದಳು.

'ಕನ್ನಡಿಯಲ್ಲಿ ಕಾಣುವ ಹಾಗೆ ನಾನು ಬೇಕೆಂದೇ ನಿಂತಿದ್ದೆ. ತಪ್ಪು ನನ್ನದು. ಈ ಪರೀಕ್ಷೆ ಲೆಕ್ಕಕ್ಕಿಲ್ಲ, ಬೇರೆಯವರನ್ನು ಕೂರಿಸಿ ಮತ್ತೆ ಮಾಡತಕ್ಕದ್ದು.'

ಮಾಬ್ಲೇಶ್ವರ ಎರಡು ಸಲ ಓದಿದ. ಮೂರನೆಯ ಸಲ ಅಕ್ಷರಗಳು ಮಸುಕಾದವು.

"ಹಾಂಗಾರೆ ಈ ಕಾಗದ ಎಂತ ಮಾಡೂದು?"

"ಅಪ್ಪನಿಗೆ ತೋರ್ಸು. ನನ್ನ ಓದು ಮುಗಿಯೂಕೆ ಇನ್ನೊಂದು ವರ್ಷ ಉಂಟು. ಅಷ್ಟು ದಿನ ಕಾಯ್ತಿಯಾ ಅಂತ ಅವರೇ ಕೇಳ್ಲಿ."

ಅವನು ಕಾಗದ ಹಿಡಿದು ಅಂಗಳಕ್ಕಿಳಿದ. ನರ್ಮದಾ ಬಾಗಿಲ ಸಂದಿಯಲ್ಲಿ ನಿಂತಳು. ಶೆಡ್ಡಿನಲ್ಲಿ ಗರಗಸದ ಸದ್ದು ನಿಂತಿತು. ಬೊಮ್ಮಯ್ಯ ಕಾಗದವನ್ನು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದ. ಓದಿ, ಗಲ್ಲ ತುರಿಸಿಕೊಂಡ.

"ಮೂರನೇ ಸರ್ತಿಯಿಂದನಾ?" ಎಂದ. "ಮೊದಲೆರಡು ಸರ್ತಿ ಎಂತ ಮಾಡ್ತಾ ಇದ್ದಿದ್ಯೋ, ಮಂಕಾ?"