ಮೂರನೇ ಫೋನ್

ನೆಟ್‌ನವನು ಆ ಮನೆಯ ಬೆಲ್ ಒತ್ತುವ ಮುಂಚೆ ಇನ್ನೊಂದು ಸಲ ತಲೆ ಬಾಚಿಕೊಂಡ. ಇಂಟರ್ನೆಟ್ ಕನೆಕ್ಷನ್ ಕೊಡುವವನು ತಲೆ ಬಾಚಿಕೊಂಡು ಆಗಬೇಕಾದ್ದೇನು ಅಂತ ಕೇಳಬೇಡಿ. ಅದು ಕನ್ನಡಕದಂಗಡಿಯವಳ ಮನೆ, ಬಾಗಿಲು ಅವಳೇ ತೆಗೆಯಬಹುದು ಅನ್ನುವ ಆಸೆ, ಅಷ್ಟೇ.

ತೆಗೆದದ್ದು ಅವಳ ಸೋದರತ್ತೆ.

"ನೆಟ್‌ನವನಾ? ಇಷ್ಟು ಹೊತ್ತಿಗಾ ಬರೋದು? ಕಾಲು ಒರೆಸ್ಕೊಂಡು ಒಳಗೆ ಬಾ."

ಒರೆಸಿಕೊಂಡ. ಸಾಲದು ಅನ್ನುವ ಹಾಗೆ ನೋಡಿದರು. ಮತ್ತೆ ಒರೆಸಿಕೊಂಡ.

ಒಳಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವಳ ಅಪ್ಪ ಪೇಪರ್ ಓದುತ್ತಿದ್ದರು. ಅವರ ಕಿವಿ ಮೆಷಿನ್ ಕಿವಿಯಲ್ಲಿರಲಿಲ್ಲ, ಟೇಬಲ್ ಮೇಲಿತ್ತು. ಹಾಕಿಕೊಂಡರೆ ಅಕ್ಕನ ಮಾತು ಪೂರ್ತಿ ಕೇಳಬೇಕಾಗುತ್ತದೆ, ಪಾಪ.

ಅಷ್ಟರಲ್ಲಿ ಅವಳೇ ಬಂದಳು. ಬಂದವಳು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಮುಖದ ಮೇಲಿನ ಕನ್ನಡಕವನ್ನು. ಅದು ಎಡಗಡೆ ಸ್ವಲ್ಪ ಜಾರಿತ್ತು.

"ಮತ್ತೆ ಸಡಿಲ ಆಯ್ತಾ?"

"ಹೂಂ ಮೇಡಂ. ಅದೇನೋ... ತಾನಾಗೇ."

"ತಾನಾಗೇ," ಅಂದಳು ಅವಳು. ತುಟಿ ನಗಲಿಲ್ಲ, ಕಣ್ಣು ನಕ್ಕವು. ಅವನು ಗಡಿಬಿಡಿಯಲ್ಲಿ ಬ್ಯಾಗಿನಿಂದ ಬೇಡದ ವೈರ್ ಒಂದನ್ನು ಎಳೆದು ಮತ್ತೆ ತುರುಕಿದ.

ಈ ಸ್ಕ್ರೂವಿನ ಕಥೆ ಹೇಳಿಬಿಡಬೇಕು. ಮೊದಲ ಸಲ ಕನ್ನಡಕ ಮಾಡಿಸಲು ಹೋದಾಗ ಅವಳು ಅವನ ಕಣ್ಣು ಪರೀಕ್ಷೆ ಮಾಡಿದ್ದಳು. "ಮೇಲೆ ನೋಡಿ. ಕೆಳಗೆ ನೋಡಿ. ಈಗ ನನ್ನ ಕಡೆ ನೋಡಿ." ಅಲ್ಲಿಗೆ ಮುಗಿಯಿತು ನೋಡಿ ಅವನ ಕಥೆ. ಆಮೇಲೆ ತನ್ನದೇ ಸಣ್ಣ ಸ್ಕ್ರೂಡ್ರೈವರ್‌ನಿಂದ ಕನ್ನಡಕದ ಕಾಲು ಸಡಿಲ ಮಾಡಿಕೊಳ್ಳೋದು, ಅವಳ ಹತ್ತಿರ ಹೋಗಿ ಬಿಗಿ ಮಾಡಿಸಿಕೊಳ್ಳೋದು. ಇದೇ ಅವನ ಪ್ರೇಮ. ಬಾಯಿ ಬಿಟ್ಟು ಒಂದು ಮಾತು ಹೇಳುವ ಧೈರ್ಯ ಬರಲಿಲ್ಲ. ಇತ್ತೀಚೆಗಂತೂ ವಿಚಿತ್ರ, ಅವನು ಮುಟ್ಟದೇ ಇದ್ದರೂ ಸ್ಕ್ರೂ ಸಡಿಲವಾಗುತ್ತಿತ್ತು. ನನ್ನ ಅದೃಷ್ಟ ಅಂದುಕೊಂಡು ಅವನು ಸುಮ್ಮನಿದ್ದ.

ಹಳೇ ಲ್ಯಾಂಡ್‌ಲೈನ್ ಕಂಬದ ತಂತಿ ಕಿತ್ತುಹೋಗಿ, ಅದೇ ನಂಬರ್ ಈಗ ಇಂಟರ್ನೆಟ್ ಬಾಕ್ಸ್ ಮೂಲಕ ಬರುತ್ತಿತ್ತು. ಮನೆ ಫೋನನ್ನು ಬಾಕ್ಸ್‌ಗೆ ಸಿಕ್ಕಿಸಿದ್ದಾಗಿತ್ತು. ಅವಳ ಮೊಬೈಲನ್ನೂ ಅದಕ್ಕೆ ಸೇರಿಸಿಕೊಡಬೇಕು ಅಂತ ಇವತ್ತು ಅವನನ್ನು ಕರೆಸಿದ್ದು. ಸೇರಿಸಿದರೆ ಮನೆ ನಂಬರಿಗೆ ಬಂದ ಕರೆ ಮೊಬೈಲಲ್ಲೂ ಹೊಡೆದುಕೊಳ್ಳುತ್ತದೆ. ಯಾರು ಮೊದಲು ಎತ್ತುತ್ತಾರೋ ಅವರಿಗೆ ಸಿಗುತ್ತದೆ. ನೆಟ್ ಇದ್ದರೆ ಸಾಕು, ಮೊಬೈಲ್ ಊರಲ್ಲಿ ಎಲ್ಲಿದ್ದರೂ ನಡೆಯುತ್ತದೆ.

ಯಾವ ಮನೆಯಲ್ಲೇ ಆಗಲಿ ಅವನು ಮೊದಲು ತನ್ನ ಮೊಬೈಲ್ ಸೇರಿಸಿ ನೋಡಿ, ಆಮೇಲೆ ಮನೆಯವರದ್ದನ್ನು ಸೇರಿಸಿ, ತನ್ನದನ್ನು ತೆಗೆದು ಹೊರಡುವವನು. ಒಂದನೇದು ಮನೆ ಫೋನ್, ಎರಡನೇದು ಅವಳಿಗೆ ಇಟ್ಟ. ಮೂರನೇದು ಅಂತ ತನ್ನದನ್ನು ಸೇರಿಸಿದ. ಆ್ಯಪ್‌ನಲ್ಲಿ ಹಸಿರು ಚುಕ್ಕಿ ಬಂತು. ಮನೆ ಫೋನಿಂದ ಮೂರು ಒತ್ತಿದ, ಅವನ ಕೈಯಲ್ಲಿ ಟಿಣ್ ಟಿಣ್ ಅಂತ ಸಣ್ಣ ಸದ್ದು.

"ಇದು ಮನೆಯೊಳಗಿನ ರಿಂಗ್. ಹೊರಗಿನ ಕರೆಗೆ ಉದ್ದ ರಿಂಗ್ ಬರುತ್ತೆ," ಅಂದ.

"ಅದೆಲ್ಲ ನಮಗ್ಯಾಕೆ?" ಅಂದರು ಅತ್ತೆ. "ಇವಳದ್ದು ಬೇಗ ಸೇರಿಸು. ನಾಳೆ ಹುಡುಗನ ಕಡೆಯವರು ಫೋನ್ ಮಾಡ್ತಾರೆ. ಅವರ ಹತ್ರ ಇರೋದು ಈ ಮನೆ ನಂಬರ್ ಒಂದೇ. ನಾನು ಮಂಡಿ ನೋವಿಗೆ ಡಾಕ್ಟರ್ ಹತ್ರ ಹೋಗ್ಬೇಕು, ನಮ್ಮ ತಮ್ಮನಿಗೆ ಗುಡುಗಿದ್ರೂ ಕೇಳಲ್ಲ. ಅಂಗಡಿಯಲ್ಲಿ ಇವಳಾದ್ರೂ ಎತ್ತಲಿ. ಈ ಸಂಬಂಧ ಏನಾದ್ರೂ ತಪ್ಪಿಹೋದ್ರೆ ನಿನ್ನನ್ನ ಸುಮ್ನೆ ಬಿಡಲ್ಲ, ಹೇಳಿದೀನಿ!"

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳು ಆಗಲೇ ಫಳಫಳ ಅನ್ನುತ್ತಿದ್ದ ಲೋಟವೊಂದನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು.

"ಮೊಬೈಲ್ ಕೊಡಿ ಮೇಡಂ."

ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅವನು ಪಾಸ್‌ವರ್ಡ್ ತಪ್ಪು ಒತ್ತಿದ, ಅಳಿಸಿದ, ಮತ್ತೆ ತಪ್ಪು ಒತ್ತಿದ. ಯಾವನೋ ಬಂದು ಇವಳನ್ನು ಕೇಳುವ ಕರೆಗೆ ತಾನೇ ದಾರಿ ಮಾಡಿಕೊಡುತ್ತಿದ್ದಾನಲ್ಲ! ಹಣೆಬರಹ ಅಂದರೆ ಇದು. ಅಂತೂ ಎರಡನೇ ಹಸಿರು ಚುಕ್ಕಿಯೂ ಬಂತು. "ಆಯ್ತು" ಅಂದವನೇ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಟ್ಟ. ತನ್ನ ಮೊಬೈಲ್ ತೆಗೆಯೋದು ಮರೆತೇಹೋಯಿತು.

ಮಾರನೇ ದಿನ ಮಧ್ಯಾಹ್ನ ಅವನು ಯಾವುದೋ ಕಟ್ಟಡದ ತಾರಸಿ ಮೇಲೆ ಕೇಬಲ್ ಎಳೆಯುತ್ತಿದ್ದ. ಜೇಬಲ್ಲಿ ಉದ್ದ ರಿಂಗ್. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ. ಆಫೀಸಿನವರಿರಬೇಕು ಅಂತ ಎತ್ತಿದ.

"ಹಲೋ, ನಾವು ಹುಡುಗನ ಕಡೆಯವರು. ನಮಗೆ ಒಪ್ಪಿಗೆ," ಅಂತು ಗಡಸು ದನಿ. "ಸಂಜೆಯೊಳಗೆ ನಿಮ್ಮ ಮನೆಯವರು ಒಂದು ಮಾತು ತಿಳಿಸ್ಬೇಕು. ಇಲ್ಲಾಂದ್ರೆ ಇನ್ನೊಂದು ಕಡೆ ಕಾಯ್ತಿದ್ದಾರೆ, ಅವರಿಗೆ ಹೂಂ ಅಂದುಬಿಡ್ತೀವಿ. ಮತ್ತೆ ಮತ್ತೆ ಫೋನ್ ಮಾಡೋ ಅಭ್ಯಾಸ ನಮಗಿಲ್ಲ."

"ಸಾರ್, ಒಂದ್ನಿಮಿಷ, ಇದು..."

ಇಟ್ಟೇಬಿಟ್ಟರು.

ಅವನು ಕೇಬಲ್ ಸುರುಳಿ ಮೇಲೆ ಕುಸಿದು ಕೂತ. ಆ್ಯಪ್ ತೆರೆದು ನೋಡಿದ. ಮೂರನೇ ಫೋನ್, ಹಸಿರು ಚುಕ್ಕಿ. ಅಯ್ಯೋ, ಎಂಥ ಎಡವಟ್ಟು!

ಆದರೆ ಎಡವಟ್ಟಿನ ಹಿಂದೆಯೇ ಇನ್ನೊಂದು ಯೋಚನೆ ಬಂತು, ಮೆಲ್ಲಗೆ, ಕಳ್ಳನ ಹಾಗೆ. ಈ ವಿಷಯ ಗೊತ್ತಿರೋದು ತನಗೊಬ್ಬನಿಗೆ. ಏನೂ ಮಾಡಬೇಕಾಗಿಲ್ಲ. ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಆ ಸಂಬಂಧ ತಾನಾಗೇ ಮುರಿದುಬೀಳುತ್ತದೆ. ಯಾರೂ ಕೇಳಲ್ಲ, ಯಾರಿಗೂ ತಿಳಿಯಲ್ಲ.

ನಿಜ ಹೇಳಬೇಕಂದರೆ ಅವನು ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ ಜಾರಿದ ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳಲು ಹೋದಾಗ ಅವಳ ಮಾತು ನೆನಪಾಯಿತು. ಈಗ ನನ್ನ ಕಡೆ ನೋಡಿ. ಇದನ್ನು ಮುಚ್ಚಿಟ್ಟರೆ ಇನ್ನು ಯಾವ ಮುಖ ಹೊತ್ತು ಅವಳ ಕಡೆ ನೋಡೋದು? ಅವಳ ಬದುಕಿನ ವಿಷಯ, ಹೂಂ ಅನ್ನೋದೋ ಉಹೂಂ ಅನ್ನೋದೋ ಅವಳು ಹೇಳಬೇಕು. ಕೇಬಲ್ ಅಲ್ಲೇ ಬಿಟ್ಟು ದಡದಡ ಮೆಟ್ಟಿಲಿಳಿದ.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಮುಂದೆ ಲೆನ್ಸಿನ ಟ್ರೇ, ಪಕ್ಕದಲ್ಲಿ ಮೊಬೈಲ್.

"ಸ್ಕ್ರೂನಾ?"

"ಅಲ್ಲ ಮೇಡಂ." ಏದುಸಿರು ಬಿಡುತ್ತಾ ಒಂದೇ ಉಸಿರಿಗೆ ಎಲ್ಲ ಹೇಳಿದ. ತನ್ನ ಮೊಬೈಲ್ ತೆಗೆಯೋದು ಮರೆತದ್ದು, ಕರೆ ಬಂದದ್ದು, ಅವರಿಗೆ ಒಪ್ಪಿಗೆಯಂತೆ, ಸಂಜೆಯೊಳಗೆ ತಿಳಿಸಬೇಕಂತೆ. "ತಪ್ಪಾಯ್ತು ಮೇಡಂ."

ಅವಳು ಕೈಯಲ್ಲಿದ್ದ ಲೆನ್ಸನ್ನು ಟ್ರೇಯಲ್ಲಿಟ್ಟಳು.

"ನನ್ನ ಮೊಬೈಲೂ ಹೊಡ್ಕೊಳ್ತು. ನಾನೇ ಎತ್ತಲಿಲ್ಲ."

"ಯಾಕೆ?"

"ಎತ್ತೋಕೆ ಕೈ ಬರಲಿಲ್ಲ. ನೋಡ್ತಾ ಕೂತೆ. ರಿಂಗ್ ನಿಂತು, ಮೂರನೇ ಫೋನ್ ಎತ್ತಿದೆ ಅಂತ ತೋರಿಸ್ತು."

"ಮೂರನೇದು ಯಾರದ್ದು ಅಂತ ಗೊತ್ತಿತ್ತಾ?"

"ನಿನ್ನೆ ನೀವು ಹೋದಮೇಲೆ ನೋಡ್ದೆ."

"ತೆಗೆದುಬಿಡಬಹುದಿತ್ತಲ್ಲ ಮೇಡಂ?"

"ತೆಗೀಬಹುದಿತ್ತು." ಅವಳು ನೇರ ಅವನ ಕಣ್ಣಿಗೇ ನೋಡಿದಳು. ಕಣ್ಣು ಪರೀಕ್ಷೆ ಮಾಡುವವಳ ನೋಟ ಅದಲ್ಲ. "ಆಗಿನಿಂದ ಕಾಯ್ತಾ ಇದೀನಿ. ಬರ್ತೀರೋ, ಮುಚ್ಚಿಡ್ತೀರೋ ಅಂತ. ಬಂದ್ರಿ. ಹೇಳೋಕೆ ಬಂದಿದ್ದು ಇಷ್ಟೇನಾ?"

ಹೇಳು ಮಾರಾಯ, ಹೇಳಿಬಿಡು! ಅವನು ಬಾಯಿ ತೆಗೆದ. ತೆಗೆದ ಬಾಯಿ ತೆಗೆದ ಹಾಗೇ ಇತ್ತು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ, ಮಂಡಿಗೆ ಬಿಗಿದ ಪಟ್ಟಿ ಸಮೇತ.

"ಫೋನ್ ಬಂತೇನೇ?"

"ಬಂತು ಅತ್ತೆ. ಅವರಿಗೆ ಒಪ್ಪಿಗೆಯಂತೆ. ಇವರು ಎತ್ತಿದ್ರು."

ಮೊದಲ ಮಾತಿಗೆ ಅರಳಿದ ಮುಖ ಕೊನೆಯ ಮಾತಿಗೆ ಕೆಂಪಾಯಿತು. "ಇವನು ಎತ್ತಿದ್ನಾ? ನಮ್ಮ ಮನೆ ಫೋನು ನಿನ್ನ ಜೇಬಲ್ಲಿ ಯಾಕಪ್ಪಾ ಹೊಡ್ಕೊಳ್ಳುತ್ತೆ? ತೆಗಿ ಅದನ್ನ, ಈಗಿಂದೀಗಲೇ ನನ್ನ ಕಣ್ಮುಂದೆ ತೆಗಿ!"

ಅವನು ಜೇಬಿನಿಂದ ಮೊಬೈಲ್ ತೆಗೆದ.

"ಅವರು ತೆಗೆಯೋದು ಬೇಡ," ಅಂದಳು ಅವಳು. ದನಿ ತಣ್ಣಗಿತ್ತು. "ಬಾಕ್ಸ್ ನಮ್ಮದು. ಮನೆಗೆ ಹೋಗಿ ನಾನೇ ತೆಗೀತೀನಿ." ಅವನ ಕಡೆ ತಿರುಗಿ, "ತೆಗೆದ್ರೆ ನಿಮ್ಮ ಆ್ಯಪ್‌ನಲ್ಲಿ ಹಸಿರು ಚುಕ್ಕಿ ಹೋಗುತ್ತೆ, ಅಲ್ವಾ?"

"ಹೂಂ."

"ನೋಡ್ತಾ ಇರಿ ಹಾಗಾದ್ರೆ."

ಆ ಮೇಲಿನ ಹೊತ್ತು ಹೇಗೆ ಕಳೆಯಿತು ಅಂತ ಅವನನ್ನೇ ಕೇಳಬೇಕು. ತಾರಸಿಗೆ ವಾಪಸ್ ಹೋದ, ಕೇಬಲ್ ಉಲ್ಟಾ ಎಳೆದ, ಕಟ್ಟಡದ ಮಾಲೀಕನಿಂದ ಬೈಸಿಕೊಂಡ. ಚುಕ್ಕಿ ಹೋದರೆ ಅವಳು ಹುಡುಗನ ಕಡೆಯವರಿಗೆ ಹೂಂ ಅಂದ ಹಾಗೆ ಅಂದುಕೊಂಡು ಮತ್ತೆ ಮತ್ತೆ ಜೇಬಿನಿಂದ ಮೊಬೈಲ್ ತೆಗೆದು ನೋಡಿದ. ಹಸಿರು. ಇನ್ನೂ ಹಸಿರು. ಬಿಸಿಲು ಇಳಿಯಿತು. ಕೆಲಸ ಮುಗಿಸಿ ಬೀದಿಗೆ ಬಂದು ಬೇಕರಿ ಮುಂದೆ ಟೀ ಹಿಡಿದು ನಿಂತ. ಇಷ್ಟೇನಾ ಅಂತ ಕೇಳಿದಳಲ್ಲ. ಇಷ್ಟೇ ಅಲ್ಲ ಅಂತ ಒಂದು ಮಾತು ಹೇಳೋಕೆ ನಿನಗೇನು ದಾಡಿ ಬಂದಿತ್ತು ಅಂತ ತನಗೆ ತಾನೇ ಬೈದುಕೊಂಡ.

ಟೀ ಅರ್ಧ ಕುಡಿದಿರಲಿಲ್ಲ, ಚುಕ್ಕಿ ಆರಿಹೋಯಿತು.

ಬೂದು ಬಣ್ಣ. ಆ್ಯಪ್ ಮುಚ್ಚಿ ತೆರೆದ. ಬೂದು. ಮೊಬೈಲನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದ. ಬೂದು. ತೆಗೆದುಬಿಟ್ಟಳು. ಅಂದರೆ ಅವರಿಗೆ ಹೂಂ ಅಂದಾಯಿತು. ಬೇಕರಿಯ ಬೆಂಚಿನ ಮೇಲೆ ಕೂತುಬಿಟ್ಟ. ಕಣ್ಣು ಮಂಜಾದವು. ಲೆನ್ಸ್ ಒರೆಸಿದರೂ ಮಂಜು ಹೋಗಲಿಲ್ಲ. ಅಳು ಬಂದಿದೆ ಅಂತ ಆಮೇಲೆ ಗೊತ್ತಾಯಿತು.

ಟೀ ಆರಿ ಕೆನೆ ಕಟ್ಟಿತು. ಏಳಬೇಕು ಅಂತ ಎದ್ದ. ಆ್ಯಪನ್ನೇ ಅಳಿಸಿಬಿಡೋಣ ಅಂತ ಮೊಬೈಲ್ ತೆಗೆದರೆ, ಚುಕ್ಕಿ ಹಸಿರಾಗಿತ್ತು.

ಹಸಿರೇ! ಅವನು ಕಣ್ಣುಜ್ಜಿಕೊಂಡು ನೋಡುತ್ತಿರುವಾಗಲೇ ಟಿಣ್ ಟಿಣ್. ಮನೆಯೊಳಗಿನ ರಿಂಗ್.

ಎತ್ತಿ ಕಿವಿಗಿಟ್ಟ. ಆ ಕಡೆ ಮಾತಿಲ್ಲ, ಉಸಿರು ಮಾತ್ರ.

"ಮೇಡಂ, ನೀವೇನೂ ಹೇಳ್ಬೇಡಿ," ಅಂದ. ಇನ್ನೊಂದು ಕ್ಷಣ ಬಿಟ್ಟರೆ ಧೈರ್ಯ ಓಡಿಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. "ಮೊದಲು ನಾನು ಹೇಳ್ತೀನಿ. ಹೇಳೋಕೆ ಬಂದಿದ್ದು ಅಷ್ಟೇ ಅಲ್ಲ. ಸ್ಕ್ರೂ ಸಡಿಲ ಮಾಡ್ಕೊಂಡು ಬರ್ತಿದ್ದೋನು ನಾನೇ, ನಿಮ್ಮನ್ನ ನೋಡೋಕೆ. ಇವತ್ತು ಆ ಫೋನ್ ಬಂದಾಗ ಸುಮ್ನಿದ್ದುಬಿಡೋಣ ಅಂತಾನೂ ಅನ್ನಿಸ್ತು, ಅದೂ ನಿಜ. ನಿಮಗೆ ಸುಳ್ಳು ಹೇಳೋಕೆ ಆಗಲ್ಲ. ನನಗೆ ನೀವಂದ್ರೆ ಪ್ರಾಣ. ನನ್ನನ್ನ ಮದುವೆ ಆಗ್ತೀರಾ?"

ಆ ಕಡೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು.

"ಯಾರಪ್ಪಾ ಅದು? ನನಗೆ ಕಿವಿ ಮಂದ. ಸ್ವಲ್ಪ ಜೋರಾಗಿ ಹೇಳು."

ಅವಳ ಅಪ್ಪ!

ಅವನು ಫೋನ್ ಇಟ್ಟುಬಿಡಬಹುದಿತ್ತು. ರಾಂಗ್ ನಂಬರ್ ಅನ್ನಬಹುದಿತ್ತು. ಬೇಕರಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಇವನನ್ನೇ ನೋಡುತ್ತಿದ್ದ. ಆದರೆ ಒಂದು ಸಲ ಬಾಯಿ ಕಟ್ಟಿಹೋಗಿ ಪಟ್ಟ ಪಾಡು ಸಾಕಾಗಿತ್ತು.

"ಸಾರ್! ನಾನು ನೆಟ್‌ನವನು!" ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ ಕೂಗಿದ. "ನಿಮ್ಮ ಮಗಳಂದ್ರೆ ನನಗೆ ಪ್ರಾಣ! ಅವರನ್ನ ಮದುವೆ ಆಗ್ಬೇಕು ಅಂತಿದೀನಿ! ಅವರು ಒಪ್ಪಿದ್ರೆ!"

ಬೇಕರಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ಫೋನಿನ ಆ ಕಡೆ ಒಬ್ಬಳು ಕಿಲಕಿಲ ನಕ್ಕಳು. ಆ ನಗು ಅವನಿಗೆ ಗೊತ್ತು.

"ಮೊದಲ್ನೇ ಸಲವೇ ಕೇಳಿಸ್ತಪ್ಪಾ," ಅಂದರು ಅಪ್ಪ ನಿಧಾನವಾಗಿ. "ಇವತ್ತು ಮೆಷಿನ್ ಹಾಕ್ಕೊಂಡಿದೀನಿ. ಫೋನಿಗೆ ಸ್ಪೀಕರೂ ಹಾಕಿದೀನಿ. ನಮ್ಮಕ್ಕ ಅಡುಗೆಮನೆಯಲ್ಲಿದ್ದಾಳೆ, ಅಲ್ಲಿಗೂ ಕೇಳಲಿ ಅಂತ ಇನ್ನೊಂದ್ಸಲ ಹೇಳಿಸ್ದೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮಗಳು ಹುಡುಗನ ಕಡೆಯವರಿಗೆ ತಾನೇ ಫೋನ್ ಮಾಡಿ ಬೇಡ ಅಂದ್ಳು. ಅದಕ್ಕೆ ನಮ್ಮಕ್ಕ ಸಿಟ್ಟಾಗಿ, ಎಲ್ಲಾ ಈ ಬಾಕ್ಸ್‌ನಿಂದಲೇ ಅಂತ ಪ್ಲಗ್ ಕಿತ್ತೆಸೆದ್ಲು. ಯಾಕೆ ಇಷ್ಟು ರಂಪ ಅಂತ ಮೆಷಿನ್ ಹಾಕ್ಕೊಂಡು ಮಗಳನ್ನ ಕೇಳ್ದೆ. ಮೂರು ಒತ್ತಿ ನೋಡಪ್ಪಾ ಅಂದ್ಳು. ಪ್ಲಗ್ ಸಿಕ್ಕಿಸಿ ಒತ್ತಿದೆ."

ಹಿಂದಿನಿಂದ ಪಾತ್ರೆ ಕುಕ್ಕಿದ ಸದ್ದು, ಅದರ ಮೇಲೆ ಅತ್ತೆಯ ದನಿ: "ಅವನಿಗೆ ನಾಳೆ ಅವರಮ್ಮನ್ನ ಕರ್ಕೊಂಡು ಬರೋಕೆ ಹೇಳು! ಕಾಲು ಸರಿಯಾಗಿ ಒರೆಸ್ಕೊಂಡು ಬರ್ಲಿ!"

ಫೋನ್ ಕೈ ಬದಲಾಯಿತು. ಸ್ಪೀಕರ್ ಆಫ್ ಆಯಿತು. ಈಗ ಉಸಿರು ಅವಳದ್ದೇ.

"ಇಷ್ಟು ಜೋರಾಗಿ ಹೇಳೋಕೆ ಬರುತ್ತೆ ಅಂತ ಗೊತ್ತಿರಲಿಲ್ಲ," ಅಂದಳು.

"ನೀವಿನ್ನೂ ಉತ್ತರ ಹೇಳಲಿಲ್ಲ ಮೇಡಂ."

"ಇತ್ತೀಚೆಗೆ ನೀವು ಮುಟ್ಟದೇ ಇದ್ರೂ ಸ್ಕ್ರೂ ಸಡಿಲ ಆಗ್ತಿತ್ತು, ಅಲ್ವಾ?"

"ಹೌದು, ಅದು ಹೇಗೆ ಅಂತ..."

"ನಾನೇ ಪೂರ್ತಿ ಬಿಗಿ ಮಾಡ್ತಿರಲಿಲ್ಲ. ನೀವು ಬೇಗ ಬರಲಿ ಅಂತ ಅರ್ಧ ತಿರುವು ಬಿಟ್ಟೇ ಕಳಿಸ್ತಿದ್ದೆ."

ಬೆಂಚಿನ ಮೇಲೆ ಅವನ ಟೀ ತಣ್ಣಗಾಗಿ ಕೂತಿತ್ತು. ಬೇಕರಿಯವನು ಕೇಳದೆಯೇ ಇನ್ನೊಂದು ಬಿಸಿ ಟೀ ತಂದಿಟ್ಟು ಹೋದ.

"ನಾಳೆ ಬರೋವಾಗ ಕನ್ನಡಕ ಹಾಕ್ಕೊಂಡೇ ಬನ್ನಿ," ಅಂದಳು ಅವಳು ಮೆಲ್ಲಗೆ. "ಪೂರ್ತಿ ಬಿಗಿ ಮಾಡ್ಕೊಡ್ತೀನಿ."